ಕಳಿಸುವ ಪದ

ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು ಹರೀಶನ ಜೆರಾಕ್ಸ್ ಅಂಗಡಿ. ಅಲ್ಲಿ ದೀಪಶ್ರೀ ದಿನವಿಡೀ ಕಾಗದ ಟೈಪ್ ಮಾಡುತ್ತಾಳೆ. ಪಹಣಿ ತಿದ್ದುಪಡಿಗೆ ಅರ್ಜಿ, ಕಳೆದುಹೋದ ಮಾರ್ಕ್ಸ್ ಕಾರ್ಡಿಗೆ ಅಫಿಡವಿಟ್ಟು, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು. ಯಾವುದನ್ನೂ ಅವಳು ಓದಿಕೊಂಡು ಟೈಪ್ ಮಾಡುವುದಿಲ್ಲ. ಬೆರಳು ಓದುತ್ತದೆ, ಮನಸ್ಸು ಎದುರಿನ ರಸ್ತೆಯಲ್ಲಿ ಯಾರು ಯಾವ ಬಸ್ಸು ಹತ್ತಿದರು ಎಂದು ನೋಡುತ್ತಿರುತ್ತದೆ. ಆ ಸೋಮವಾರ ಮಾತ್ರ ಒಂದು ಸಾಲಿಗೆ ಬಂದು ಬೆರಳೇ ನಿಂತುಬಿಟ್ಟಿತು.

"ನಾನು ಹಾಡಿದ ಹಾಡನ್ನು ನನಗೆ ಪೂರ್ತಿಯಾಗಿ ಕೇಳಿಸಿದ್ದಾರೆ. ಇದು ನನ್ನದೇ ಧ್ವನಿ."

"ಯಾಕೆ ನಿಲ್ಲಿಸ್ದೆ?" ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ರುಬೀನಾ ಕೇಳಿದಳು. ಅವಳ ತೊಡೆಯ ಮೇಲೆ ಲ್ಯಾಪ್‌ಟಾಪು. ಅದರಲ್ಲಿದ್ದ ಇಂಗ್ಲಿಷ್ ಫಾರಮ್ಮನ್ನು ಅವಳು ಕನ್ನಡದಲ್ಲಿ ಹೇಳುತ್ತಿದ್ದಳು, ದೀಪಶ್ರೀ ಬರೆದುಕೊಳ್ಳುತ್ತಿದ್ದಳು.

"ಕೇಳಿಸ್ಲೇಬೇಕಾ?"

"ಕೇಳಿಸ್ಲೇಬೇಕು ಮಾರಾಯ್ತಿ. ಹೊಸ ರೂಲು. ಯಾರ ದನಿ ರೆಕಾರ್ಡ್ ಮಾಡಿದೀವೋ ಅವರಿಗೇ ಅದನ್ನ ವಾಪಸ್ ಕೇಳಿಸಿ, ಹೆಬ್ಬೆಟ್ಟು ತಗೊಂಡು, ಫೋಟೋ ಕಳಿಸ್ಬೇಕು. ಇಲ್ಲಾಂದ್ರೆ ಥೀಸಿಸ್ ಮುಟ್ಟೋದೇ ಇಲ್ಲ. ನಾಳೆ ಬೆಳಿಗ್ಗೆ ಕೆರೆಕಟ್ಟೆಗೆ ಹೋಗೋಣ. ನಿಮ್ಮಜ್ಜಿಗೆ ಫೋನ್ ಮಾಡಿಡು."

ಹರೀಶ ಮೆಷಿನ್ನಿಗೆ ಹಾಳೆ ತುಂಬುತ್ತಾ ನಕ್ಕ. "ಅಲ್ಲ ರುಬೀನಾ, ಕೆರೆಕಟ್ಟೆ ಅಜ್ಜಿ ಹಾಡು ಓದೋಕೆ ಇಂಗ್ಲೆಂಡಿಗೆ ಹೋಗ್ಬೇಕಾ? ಇಲ್ಲೇ ಎದುರಿಗೇ ಶೃಂಗೇರಿ ಬಸ್ಸು ನಿಂತಿರುತ್ತಲ್ಲ."

"ಶೃಂಗೇರಿ ಬಸ್ಸಲ್ಲಿ ಡಾಕ್ಟರೇಟ್ ಕೊಡ್ತಾರಾ ಹರೀಶಣ್ಣ? ಟಿಕೆಟ್ಟಿಗೆ ಚಿಲ್ಲರೆ ಕೊಡೋದೇ ಕಷ್ಟ."

ದೀಪಶ್ರೀ ನಗಲಿಲ್ಲ. ಆ ಸಾಲನ್ನು ಟೈಪ್ ಮಾಡಿ ಮುಗಿಸಿ, ಎರಡು ಪ್ರತಿ ತೆಗೆದು, ಮೂಲೆ ಮಡಚದಂತೆ ಫೈಲಿನಲ್ಲಿ ಇಟ್ಟುಕೊಟ್ಟಳು.

ಇಬ್ಬರೂ ಒಂದೇ ಬೆಂಚಿನವರು. ಕೊಪ್ಪದಲ್ಲಿ ಒಂಬತ್ತನೆಯ ತರಗತಿಯವರೆಗೆ ಒಟ್ಟಿಗೆ ಕೂತಿದ್ದರು. ಆ ವರ್ಷ ದೀಪಶ್ರೀಯ ತಾಯಿ ದೇವಕಿ ಕಾಫಿ ಮೂಟೆಯ ಜೊತೆ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಶೆಟ್ಟಿಕೊಪ್ಪದ ಮನೆಯಲ್ಲಿ ಅವಳನ್ನು ಎತ್ತಿ ಕೂರಿಸಲು ಒಬ್ಬರು ಬೇಕಾಗಿತ್ತು. ದೀಪಶ್ರೀ ಶಾಲೆ ಬಿಟ್ಟಳು. ಚಪ್ಪಲಿ ಅಂಗಡಿಯ ಅಬ್ದುಲ್ ಮಜೀದರ ಮಗಳು ರುಬೀನಾ ಓದುತ್ತಲೇ ಹೋದಳು. ಶಿವಮೊಗ್ಗ ಆಯಿತು, ಮೈಸೂರು ಆಯಿತು, ಕೊನೆಗೆ ಸ್ಕಾಲರ್‌ಶಿಪ್ ಸಿಕ್ಕಿ ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ ವಸಾಹತೋತ್ತರ ಸಾಹಿತ್ಯದಲ್ಲಿ ಪಿಎಚ್‌ಡಿ.

"ಹಂಗಂದ್ರೆ ಎಂತದು?" ಎಂದು ದೀಪಶ್ರೀ ಮೊದಲ ಸಲ ಕೇಳಿದಾಗ ರುಬೀನಾ ಹೇಳಿದ್ದಳು, "ಬಿಳಿಯರು ಬಿಟ್ಟು ಹೋದ ಮೇಲೆ, ಅವರ ಕೈಕೆಳಗಿದ್ದೋರು ಏನು ಹೇಳಿದ್ರು, ಏನು ಬರೆದ್ರು ಅಂತ ನೋಡೋದು."

"ನಮ್ಮಜ್ಜಿ ಹೇಳಿದ್ದೆಲ್ಲ ಬರೀ ತೋಟದಲ್ಲಿ ಕೂಲಿ ಲೆಕ್ಕ ಬರಿಯೋ ರೈಟರನ ಬಗ್ಗೆ. ಬೈದಿದ್ದು."

"ಅದೇ ಬೇಕು," ಎಂದು ರುಬೀನಾ ಅವಳ ಕೈ ಹಿಡಿದುಕೊಂಡಿದ್ದಳು.

ಕರಿಯಕ್ಕ ದೀಪಶ್ರೀಯ ತಾಯಿಯ ತಾಯಿ. ಬಿಳಿಯರು ಮಾಡಿಟ್ಟು ಹೋದ ಒಂದು ಕಾಫಿ ತೋಟದಲ್ಲಿ ನಲವತ್ತು ವರ್ಷ ಹಣ್ಣು ಕೊಯ್ದು, ಅದರ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ಹೊತ್ತವಳು. ಕೈಲಾಗದ ಮೇಲೆ ಕೆರೆಕಟ್ಟೆಗೆ, ಮಗ ಚೋಮನ ಮನೆಗೆ ಹೋಗಿ ಸೇರಿಕೊಂಡಳು. ಅವಳ ಕಡೆಯ ಹೆಂಗಸರಲ್ಲಿ ಒಂದು ಪದ್ಧತಿ. ಮನೆಯಿಂದ ಹೆಣ ಎತ್ತಿದ ಮೇಲೆ ಹಳ್ಳದವರೆಗೆ ಹೆಂಗಸರು ಪದ ಹೇಳುತ್ತಾ ಹಿಂದೆ ನಡೆಯುತ್ತಾರೆ. ಸತ್ತವರು ದುಡಿದ ಒಂದೊಂದು ಜಾಗವನ್ನೂ ಕರೆದು, ಇವರನ್ನು ಇನ್ನು ಬಿಟ್ಟುಕೊಡು ಎಂದು ಕೇಳುವ ಪದ. ಗಂಡಸರು ಹೆಣ ಹೊತ್ತು ಹಳ್ಳ ದಾಟುತ್ತಾರೆ. ಹೆಂಗಸರು ಈಚೆ ದಡದಲ್ಲಿ ನಿಂತು ಸತ್ತವರ ಹೆಸರು ಹೇಳಿ, "ಬಿಟ್ಟೆವು" ಎಂದು, ಹಿಂದೆ ನೋಡದೆ ಮನೆಗೆ ಬರಬೇಕು. ಅದಕ್ಕೆ ಕಳಿಸುವ ಪದ ಎನ್ನುತ್ತಾರೆ. ಸಾವಿಲ್ಲದ ದಿನ ಅದನ್ನು ಬಾಯಲ್ಲಿ ಗುನುಗುವಂತೆಯೂ ಇಲ್ಲ.

ಎರಡು ವರ್ಷದ ಹಿಂದೆ ರುಬೀನಾ ಫೋನು, ಮೈಕು ಹಿಡಿದು ಬಂದಾಗ ಕರಿಯಕ್ಕ ಎಲ್ಲವನ್ನೂ ಹೇಳಿದ್ದಳು. ರೈಟರನನ್ನು ಬೈದಳು, ಬಂಗಲೆಯ ನಾಯಿಯನ್ನು ಬೈದಳು, ನಾಟಿ ಪದ ಹೇಳಿದಳು, ಬೀಸುವ ಪದ ಹೇಳಿದಳು. ಕಳಿಸುವ ಪದ ಮಾತ್ರ ಕೇಳಿದಾಗ ಎದ್ದು ಒಳಗೆ ಹೋದಳು.

"ಸತ್ತವರನ್ನ ತಂದು ತೋರಿಸು, ಹೇಳ್ತೀನಿ."

ಅವತ್ತು ಶೃಂಗೇರಿ ಬಸ್ ಸ್ಟ್ಯಾಂಡಿನಲ್ಲಿ ರುಬೀನಾ ಅತ್ತಿದ್ದಳು. ಇನ್ನು ನಾಲ್ಕು ದಿನಕ್ಕೆ ಅವಳ ವಿಮಾನ. "ಅದೊಂದು ಸಿಕ್ಕಿದ್ರೆ ನಂದೊಂದು ಅಧ್ಯಾಯ ನಿಲ್ಲುತ್ತೆ ಕಣೇ. ಆ ತೋಟದಲ್ಲಿ ದುಡಿದು ಸತ್ತೋರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆ ಹಾಡಲ್ಲಿ ಮಾತ್ರ ಇದೆ."

"ನಾನು ಇನ್ನೊಂದ್ಸಲ ಕೇಳ್ತೀನಿ," ಎಂದಿದ್ದಳು ದೀಪಶ್ರೀ.

ಮರುದಿನ ಒಬ್ಬಳೇ ಕೆರೆಕಟ್ಟೆಗೆ ಹೋಗಿ ಕೇಳಿದಳು ಕೂಡ. ಅಜ್ಜಿ ಮತ್ತೆ ಬೈದು ಮಲಗಿದಳು. ಮಟಮಟ ಮಧ್ಯಾಹ್ನ. ದೀಪಶ್ರೀ ಫೋನು ಹಿಡಿದು ಮನೆಯ ಹಿಂದಿನ ಹಳ್ಳಕ್ಕೆ ಇಳಿದಳು. ಎಂಟು ವರ್ಷದವಳಿದ್ದಾಗ ಅಜ್ಜ ಸತ್ತಿದ್ದ; ಅವತ್ತು ಕೇಳಿದ ಪದದ ಧಾಟಿ ಅವಳ ಕಿವಿಯಲ್ಲಿ ಹಾಗೇ ಇತ್ತು. ಹಲ್ಲಿಲ್ಲದ ಬಾಯಿಯ ಹಾಗೆ ಕೇಳಲಿ ಎಂದು ಒಂದು ಅಡಿಕೆ ಹೋಳನ್ನು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡು, ಫೋನನ್ನು ಬಂಡೆಯ ಮೇಲೆ ಇಟ್ಟು, ಹಾಡಿದಳು.

ನರ್ಸರಿ ಮಡಿಯೇ ಬಿಟ್ಟುಕೊಡು, ನೀರು ಹೊತ್ತವನ ಬಿಟ್ಟುಕೊಡು.
ಪಲ್ಪರ್ ಮನೆಯೇ ಬಿಟ್ಟುಕೊಡು, ಹಣ್ಣು ತಂದವನ ಬಿಟ್ಟುಕೊಡು.
ಬಂಗಲೆ ಮೆಟ್ಟಿಲೇ ಬಿಟ್ಟುಕೊಡು, ಕೆಳಗೇ ನಿಂತವನ ಬಿಟ್ಟುಕೊಡು.

ಅಲ್ಲಿಗೆ ಅವಳಿಗೆ ಗೊತ್ತಿದ್ದ ಸಾಲು ಮುಗಿಯಿತು. ಬಾಯಿ ನಿಲ್ಲಲಿಲ್ಲ. ಎಲ್ಲಿತ್ತೋ ಏನೋ, ಒಂದು ಸಾಲು ತಾನಾಗಿ ಬಂತು.

ಕೈಯ ಸ್ಲೇಟೇ ಬಿಟ್ಟುಕೊಡು, ಅರ್ಧ ಬರೆದವಳ ಬಿಟ್ಟುಕೊಡು.

ಹಾಡಿ ಮುಗಿಸಿ ಓಡುವ ಹಾಗೆ ಮೇಲೆ ಹತ್ತಿದಳು. ರೆಕಾರ್ಡಿಂಗನ್ನು ರುಬೀನಾಗೆ ಕಳಿಸಿದಳು. ರಾತ್ರಿ ಅವಳು ಫೋನು ಮಾಡಿ, "ಅಜ್ಜಿ ಹಾಡಿದ್ರಾ? ನಿಜವಾಗ್ಲೂ?" ಎಂದು ಕಿರುಚಿದಾಗ ದೀಪಶ್ರೀ ಹೇಳಿದ್ದು ಒಂದೇ: "ಹ್ಞೂಂ."

ಆ ಒಂದು ಹ್ಞೂಂ ಇಂಗ್ಲೆಂಡಿಗೆ ಹೋಯಿತು. ಒಂದು ಸೆಮಿನಾರಿನಲ್ಲಿ ರುಬೀನಾ ಆ ಹಾಡನ್ನು ಕೇಳಿಸಿದಳಂತೆ. ಅದರಲ್ಲೂ ಸ್ಲೇಟಿನ ಸಾಲನ್ನು ಅವಳ ಗೈಡು ಎರಡು ಸಲ ಓದಿಸಿದರಂತೆ. ದೀಪಶ್ರೀ ಅದನ್ನೆಲ್ಲ ಫೋನಿನಲ್ಲಿ ಕೇಳಿಸಿಕೊಂಡಳು. ಸಂತೋಷವೂ ಆಗಿತ್ತು ಎನ್ನುವುದು ಅವಳಿಗೆ ನೆನಪಿದೆ. 

ನಾಳೆ ಆ ದನಿಯನ್ನು ಅಜ್ಜಿಗೆ ಕೇಳಿಸುತ್ತಾರೆ. ಸಾವಿಲ್ಲದ ಮನೆಯ ಹಿಂದೆ ನಿಂತು ಮೊಮ್ಮಗಳು ಕಳಿಸುವ ಪದ ಹೇಳಿದ್ದು ಅಜ್ಜಿಗೆ ಗೊತ್ತಾಗುತ್ತದೆ. ಆ ಮನೆಯಲ್ಲಿ ಆಗ ಇದ್ದ ಮುದುಕಿ ಒಬ್ಬಳೇ. ಯಾರನ್ನು ಕಳಿಸಲು ಹಾಡಿದೆ ಎಂದು ಅಜ್ಜಿ ಕೇಳಿದರೆ? ಕೇಳಿಸಬೇಡ ಎಂದರೆ ರುಬೀನಾಳ ಮೂರು ವರ್ಷ ನೀರಿಗೆ ಹೋಯಿತು.

ಬಸ್ಸಿನಲ್ಲಿ ರುಬೀನಾ ಕಿಟಕಿಯ ಪಕ್ಕ ಕೂತು ಒಂದೇ ಸಮ ಮಾತಾಡಿದಳು. ಅಲ್ಲಿ ಅವಳಿಗೆ ಕಿಟಕಿ ಇಲ್ಲದ ಒಂದು ಕೋಣೆ ಕೊಟ್ಟಿದ್ದಾರೆ. ಘಾನಾದ ಹುಡುಗಿ ಒಬ್ಬಳು, ಶ್ರೀಲಂಕಾದವನೊಬ್ಬ, ಇವಳು.

"ನಾವು ಮೂವರೂ ನಮ್ಮ ನಮ್ಮ ಊರಿನ ದುಃಖ ತರ್ಬೇಕು ನೋಡು. ಅಲ್ಲಿಯವರು ಯಾರೂ ಬಾಯಿ ಬಿಟ್ಟು ಹಂಗನ್ನಲ್ಲ, ಆದ್ರೆ ತರದಿದ್ರೆ ಮುಖ ಸಣ್ಣ ಮಾಡ್ಕೊಂತಾರೆ. ಶ್ರೀಲಂಕಾದವನು ಪಾಪ ಹಾಸ್ಯದ ಕತೆ ಬಗ್ಗೆ ಬರೀತೀನಿ ಅಂದ. ಅವನ ಕೈಲಿ ಯುದ್ಧದ ಬಗ್ಗೆ ಬರೆಸ್ತಿದಾರೆ."

"ನೀನು?"

"ನಂದು ನಿಮ್ಮಜ್ಜಿ." ರುಬೀನಾ ಕಿಟಕಿಯಿಂದ ಈಚೆ ತಿರುಗಿದಳು. "ಅಲ್ಲಿ ಹಿಲ್ಡಾ ಅಂತ ಒಬ್ಬರು ಇದಾರೆ. ರಿಟೈರ್ ಆದ ಟೀಚರು, ಎಂಬತ್ತರ ಮೇಲಾಗಿದೆ. ಸುಮ್ನೆ ಎಲ್ಲಾ ಸೆಮಿನಾರಿಗೂ ಬಂದು ಮುಂದಿನ ಸಾಲಲ್ಲಿ ಕೂರ್ತಾರೆ. ಹಾಡು ಮುಗಿದ ಮೇಲೆ ಅವರು ಮಾತ್ರ ಏನೂ ಪ್ರಶ್ನೆ ಕೇಳ್ಲಿಲ್ಲ. ಮನೆಗೆ ಕರ್ಕೊಂಡೋಗಿ ಊಟ ಹಾಕಿದ್ರು. ಇನ್ನೊಂದ್ಸಲ ಹಾಡು ಹಾಕು ಅಂದ್ರು."

ಹೇಳಲು ಅದೇ ಹೊತ್ತಾಗಿತ್ತು. ದೀಪಶ್ರೀ ಬಾಯಿ ತೆರೆದಳು. ಆಗ ಕಂಡಕ್ಟರು ಬಂದ, ಮತ್ತೆ ಒಂದು ತಿರುವು ಬಂತು, ಮತ್ತೆ ಕೆರೆಕಟ್ಟೆಯೇ ಬಂತು.

ಕರಿಯಕ್ಕ ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದಳು. ರುಬೀನಾಳನ್ನು ಕಂಡದ್ದೇ ಎದ್ದು ನಿಂತು ಮುಖ ಸವರಿದಳು. "ಅಯ್ಯ, ಇಷ್ಟೊಂದು ಬಡವಾಗೀಯಲ್ಲೇ! ಓದಿಸ್ತಾರೋ ಉಪವಾಸ ಕೆಡವ್ತಾರೋ ಅಲ್ಲಿ?" ಬೆಲ್ಲದ ಕಾಫಿ ಆಯಿತು, ಹಲಸಿನ ಹಪ್ಪಳ ಆಯಿತು. ಚೋಮ ಕಾಡಿನ ಕೆಲಸಕ್ಕೆ ಹೋಗಿದ್ದ. ರುಬೀನಾ ಚೀಲದಿಂದ ಸಣ್ಣ ಸ್ಪೀಕರು ತೆಗೆದು ಜಗಲಿಯ ಮೇಲೆ ಇಟ್ಟಳು.

ಮೊದಲು ಬಂದದ್ದು ಅಜ್ಜಿಯದೇ ದನಿ. "ಆ ರೈಟರನ ಮೀಸೆಗೆ ಬೆಂಕಿ ಬೀಳ! ನೀರು ಕುಡಿಯೋಕೆ ಕೂತ್ರೂ ಗಿಡದ ಸಂದಿಯಿಂದ ಇಣುಕ್ತಿದ್ದ..."

ಕರಿಯಕ್ಕ ಹುಬ್ಬು ಗಂಟಿಕ್ಕಿದಳು. "ಯಾರೇ ಇದು, ಈ ಬಾಯಿಬಡ್ಕಿ?"

"ನೀವೇ ಅಜ್ಜಿ."

"ನಾನಾ? ನಂದು ಹಿಂಗೆ ಕಾಗೆ ದನಿಯಾ?" ಅವಳು ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. "ದನಿ ಹೆಂಗೂ ಇರ್ಲಿ. ಹೇಳಿದ್ದು ಸತ್ಯ. ಹಾಕು, ಇನ್ನೊಂದ್ಸಲ ಹಾಕು, ಕೇಳನ."

"ಇದೊಂದು ಮುಗೀಲಿ ಅಜ್ಜಿ. ಮುಂದಿನದು ಮುಖ್ಯ," ಎಂದು ರುಬೀನಾ ಫೋನಿನ ಮೇಲೆ ಬೆರಳಿಟ್ಟಳು. ದೀಪಶ್ರೀ ಅವಳ ಮಣಿಕಟ್ಟು ಹಿಡಿದಳು. ತಾನು ಅಷ್ಟು ಗಟ್ಟಿಯಾಗಿ ಯಾರ ಕೈಯನ್ನಾದರೂ ಹಿಡಿದದ್ದು ಅವಳಿಗೆ ನೆನಪಿಲ್ಲ.

"ಹೊರಗೆ ಬಾ. ಒಂದು ನಿಮಿಷ."

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಹೇಳಿದಳು. "ಅದು ಅಜ್ಜಿ ಅಲ್ಲ."

"ಯಾವುದು?"

"ಪದ. ಹಾಡಿದ್ದು ನಾನು."

ರುಬೀನಾ ನಕ್ಕಳು. ಆಮೇಲೆ ನಗು ನಿಲ್ಲಿಸಿ ಇವಳ ಮುಖ ನೋಡಿದಳು. ಆಮೇಲೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು.

"ಸ್ಲೇಟಿನ ಸಾಲು?"

"ನಂದು."

"ದೀಪೂ, ಅದು ನೂರು ವರ್ಷದ ಸಾಲು ಅಂತ ಬರ್ದಿದೀನಿ. ತೋಟದ ಕೂಲಿ ಮಕ್ಕಳಿಗೆ ಸ್ಲೇಟು ಕೊಟ್ಟು ಕಿತ್ಕೊಂಡ ಕಾಲದ್ದು ಅಂತ ಇಪ್ಪತ್ತು ಪುಟ ಬರ್ದಿದೀನಿ."

"ನಂದು ಕಿತ್ಕೊಂಡಿದ್ದು ಎರಡು ಸಾವಿರದ ಹದಿನಾಲ್ಕರಲ್ಲಿ. ಸ್ಲೇಟಲ್ಲ, ವಿಜ್ಞಾನದ ನೋಟ್ಸು. ಹಳೇ ಕಾಲದ್ದರ ಹಾಗೆ ಇರ್ಲಿ ಅಂತ ಸ್ಲೇಟು ಅಂದೆ."

ರುಬೀನಾ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ತಲೆ ಎತ್ತದೆಯೇ ಹೇಳಿದಳು, "ಸೆಪ್ಟೆಂಬರಿಗೆ ವೀಸಾ ಮುಗಿಯುತ್ತೆ. ಸ್ಕಾಲರ್‌ಶಿಪ್ಪೂ. ಅಬ್ಬಾ ಅಂಗಡಿಗೆ ಬಂದೋರಿಗೆಲ್ಲ ಮಗಳು ಡಾಕ್ಟರಾಗ್ತಾಳೆ ಅಂತ ಹೇಳಿಟ್ಟಿದಾರೆ. ಅರ್ಧ ಜನ ಮಂಡಿನೋವಿಗೆ ಔಷಧಿ ಕೇಳೋಕೆ ಬರ್ತಿದಾರೆ." ಅದು ತಮಾಷೆಯ ಮಾತಾಗಿ ಶುರುವಾಗಿ ಕೊನೆಯಲ್ಲಿ ಒಡೆಯಿತು. "ಕೇಳು. ಅಜ್ಜಿಗೆ ಕೇಳಿಸೋದು ಬೇಡ. ಹೆಬ್ಬೆಟ್ಟು ಮಾತ್ರ ಹಾಕ್ಲಿ. ಇದು ಯಾರಿಗೂ ಗೊತ್ತಾಗಲ್ಲ. ನಿಂಗೂ ನಂಗೂ ಬಿಟ್ರೆ."

 ಆ ಫಾರಮ್ಮು ದೀಪಶ್ರೀಯೇ ಟೈಪ್ ಮಾಡಿದ್ದು. ಇದು ನನ್ನದೇ ಧ್ವನಿ. ಓದಲು ಬಾರದವಳ ಹೆಬ್ಬೆಟ್ಟನ್ನು ಅದರ ಕೆಳಗೆ ಒತ್ತಿಸಬೇಕು, ಅಷ್ಟೆ. ಎಷ್ಟು ಸುಲಭ ಎಂದು ಅವಳಿಗೂ ಕಂಡಿತು, ಅದಕ್ಕೇ ಭಯವಾಯಿತು.

"ಏನ್ರೇ ಅದು ಗುಸುಗುಸು? ಮದುವೆ ವಿಷಯನಾ?" ಕರಿಯಕ್ಕ ಬಾಗಿಲಿಗೆ ಬಂದಿದ್ದಳು.

"ಅಜ್ಜಿ," ಎಂದಳು ದೀಪಶ್ರೀ, "ನಾನು ಕಳಿಸೋ ಪದ ಹೇಳ್ದೆ. ಎರಡು ವರ್ಷದ ಹಿಂದೆ. ರೆಕಾರ್ಡ್ ಮಾಡಿ ಇವಳಿಗೆ ಕಳಿಸ್ದೆ."

ಕರಿಯಕ್ಕನ ಮುಖದಲ್ಲಿ ನಗು ಇನ್ನೂ ಇತ್ತು, ಅದು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ಯಾರು ಸತ್ತಿದ್ರು?"

"ಯಾರೂ ಇಲ್ಲ."

"ಎಲ್ಲಿ ಹೇಳಿದ್ದು?"

"ಹಳ್ಳದ ಹತ್ರ."

"ಕೊನೆಗೆ ಹೆಸರು ಹೇಳಿದ್ಯಾ?"

"ಇಲ್ಲ."

"ಹಿಂದೆ ನೋಡಿದ್ಯಾ?"

"ಫೋನು ಬಂಡೆ ಮೇಲೆ ಮರ್ತಿದ್ದೆ ಅಜ್ಜಿ. ತಿರುಗಿ ಹೋಗಿ ತಂದೆ."

ಕರಿಯಕ್ಕ ಹೊಸಿಲಿನ ಮೇಲೆ ಕೂತಳು. "ಎಂತೆಂತ ಜಾಗ ಹೇಳ್ದೆ? ರಾಗ ಎಳೀಬೇಡ. ಬಾಯಲ್ಲಿ ಹೇಳು."

ದೀಪಶ್ರೀ ಒಂದೊಂದಾಗಿ ಹೇಳಿದಳು. ನರ್ಸರಿ ಮಡಿ, ಪಲ್ಪರ್ ಮನೆ, ಬಂಗಲೆ ಮೆಟ್ಟಿಲು. ಅಜ್ಜಿ ತಲೆ ಆಡಿಸುತ್ತಿದ್ದಳು. ಸ್ಲೇಟು ಎಂದಾಗ ತಲೆ ನಿಂತಿತು.

"ಸ್ಲೇಟು ಯಾರದ್ದು? ನಮ್ಮಲ್ಲಿ ಯಾರು ಸ್ಲೇಟು ಹಿಡಿದಿದ್ರು?"

"ನಂದು."

ಹೊಡೆತ ಬಿದ್ದಾಗಲೇ ಅಜ್ಜಿ ಎದ್ದು ಬಂದದ್ದು ದೀಪಶ್ರೀಗೆ ಗೊತ್ತಾಯಿತು. ಇಪ್ಪತ್ತೈದು ವರ್ಷದಲ್ಲಿ ಆ ಕೈ ಅವಳ ಮೇಲೆ ಎದ್ದದ್ದು ಇದೇ ಮೊದಲು. ಹೊಡೆದ ಕೈ ಹಿಂದಕ್ಕೆ ಹೋಗಲಿಲ್ಲ, ಆ ಕೆನ್ನೆಯ ಮೇಲೇ ಉಳಿಯಿತು.

"ನಿಂದೇ ಜಾಗ ಇಟ್ಟು ಕಳಿಸೋ ಪದ ಹೇಳ್ಕೊಂಡ್ಯಾ ಕೂಸೇ? ನಿನ್ನನ್ನ ನೀನೇ ಕಳಿಸ್ಕೊಂಡ್ಯಾ?"

ಎರಡು ವರ್ಷ ದೀಪಶ್ರೀ ಹೆದರಿದ್ದು ಅಜ್ಜಿಗಾಗಿ. ಇದು ಅವಳ ತಲೆಗೆ ಒಂದು ಸಲವೂ ಹೊಳೆದಿರಲಿಲ್ಲ.

ರುಬೀನಾ ಮೆಲ್ಲಗೆ ಕೇಳಿದಳು, "ಅಂದ್ರೆ ಸಾಲು ಹೊಸದಾಗಿ ಕಟ್ಟಬಹುದಾ ಅಜ್ಜಿ? ಹಳೇ ಸಾಲೇ ಹೇಳ್ಬೇಕು ಅಂತ ಇಲ್ವಾ?"

"ಅದೆಂತ ದೇವರ ನಾಮನಾ, ಎಲ್ಲರಿಗೂ ಒಂದೇ ಹೇಳೋಕೆ? ಒಬ್ಬೊಬ್ಬರಿಗೂ ಅವರವರ ಜಾಗ. ಇವಳಜ್ಜನ ಬೆರಳು ಪಲ್ಪರಿಗೆ ಸಿಕ್ಕಿತ್ತು, ಅದಕ್ಕೆ ಪಲ್ಪರ್ ಮನೆ ಹಾಕಿದ್ದು. ನನ್ನ ತಂಗಿ ಸತ್ತಾಗ ಅವಳ ಹಂಡೆ ಹೇಳಿದ್ದೆ." ಅವಳು ರುಬೀನಾಳ ಕಡೆ ತಿರುಗಿದಳು. "ಎಷ್ಟು ಜನಕ್ಕೆ ಕೇಳಿಸ್ದೆ?"

"ಮೂವತ್ತು... ನಲವತ್ತು ಜನ ಇದ್ರು."

"ಅಯ್ಯೋ ಪಾಪ. ಅವರಿಗೆ ಎಂತದೂ ಗೊತ್ತಿಲ್ಲ." ನಿಜವಾಗಿಯೂ ಆ ನಲವತ್ತು ಜನ ಅಂಗಳದಲ್ಲಿ ನಿಂತಿದ್ದಾರೆ ಎನ್ನುವ ಹಾಗೆ ಕರಿಯಕ್ಕ ನೋಡಿದಳು. "ಅಳಿಸ್ಬಿಡು ಅದನ್ನ."

"ನನ್ನದ್ರಲ್ಲಿ ಅಳಿಸ್ಬಹುದು. ಅಲ್ಲಿ ಇರುತ್ತೆ ಅಜ್ಜಿ."

"ಹಂಗಾದ್ರೆ ಅದು ಹೊರಟೇ ಇದೆ. ಹೆಸರಿಲ್ಲದೆ ಹೊರಟ ಪದ, ಕೇಳಿದವರಲ್ಲೋ ಹೇಳಿದವಳಲ್ಲೋ ಒಬ್ಬರ ಹೆಸರು ತಗೊಳ್ಳೋವರೆಗೆ ನಿಲ್ಲಲ್ಲ. ನೀನು ಎಂತ ಬೇಕಾದ್ರೂ ಬರ್ಕೊ, ಆ ಪದದ ಕೆಳಗೆ ಮಾತ್ರ ಇವಳ ಹೆಸರು ಬರೀಬೇಡ. ಕೆಳಗೆ ಬರೋದು ಸತ್ತವರ ಹೆಸರು."

ಹೆಬ್ಬೆಟ್ಟಿನ ಮಾತು ಮತ್ತೆ ಬರಲಿಲ್ಲ. ಸಂಜೆಯ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಕೊಪ್ಪದಲ್ಲಿ ಇಳಿದಾಗ ರುಬೀನಾ, "ನಂಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಎಷ್ಟು ಅಂತ ಈಗ ಗೊತ್ತಾಗ್ತಿಲ್ಲ," ಎಂದು ಹೇಳಿ ಚಪ್ಪಲಿ ಅಂಗಡಿಯ ಕಡೆ ನಡೆದಳು.

ಅದೇ ವಾರ ಅವಳು ಗೈಡಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಉತ್ತರ ಬರಲು ಹನ್ನೊಂದು ದಿನ ಹಿಡಿಯಿತು. ಆ ಅಧ್ಯಾಯ ಹಾಗೆ ಇರುವಂತಿಲ್ಲ, ಬೇರೆ ಬರೆಯಬೇಕು, ಒಂದು ವರ್ಷ ಸಮಯ ಕೊಡುತ್ತೇವೆ, ಸ್ಕಾಲರ್‌ಶಿಪ್ ಇರುವುದಿಲ್ಲ. ರುಬೀನಾ ವಾಪಸ್ಸು ಹೋದಳು. ವೀಸಾದ ಅವಧಿ ಹೆಚ್ಚಿಸಿಕೊಂಡಳು, ಶನಿವಾರ ಭಾನುವಾರ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ ಹಿಡಿದಳು. ಇದನ್ನು ದೀಪಶ್ರೀಗೆ ಹೇಳಿದ್ದು ರುಬೀನಾಳ ತಾಯಿ ಖುರ್ಷಿದಾ ಆಂಟಿ, ಚಪ್ಪಲಿ ಅಂಗಡಿಯ ಎದುರು ತಡೆದು ನಿಲ್ಲಿಸಿ. "ಏನಾಯ್ತೇ ನಿಮ್ಮಿಬ್ಬರ ಮಧ್ಯೆ? ಅವಳು ಹೇಳಲ್ಲ. ನೀನು ಮೊದಲೇ ಹೇಳಲ್ಲ."

ಕರಿಯಕ್ಕ ಚೋಮನ ಫೋನಿನಿಂದ ಪ್ರತಿ ಮಂಗಳವಾರ ಕರೆ ಮಾಡತೊಡಗಿದಳು. ಎರಡೇ ಪ್ರಶ್ನೆ. "ನೀನು ಹುಷಾರಿದೀಯಾ? ಅಲ್ಲಿಯವರೆಲ್ಲ ಹುಷಾರಾ?"

ಎರಡನೆಯದಕ್ಕೆ ಉತ್ತರ ಬೇಕಾದರೆ ರುಬೀನಾಳನ್ನೇ ಕೇಳಬೇಕು. ದೀಪಶ್ರೀ ಹೆದರಿ ಹೆದರಿ ಮೆಸೇಜು ಹಾಕಿದಳು: ಅಜ್ಜಿ ಕೇಳ್ತಿದಾರೆ, ಹಾಡು ಕೇಳಿದವರೆಲ್ಲ ಚೆನ್ನಾಗಿದಾರಾ? ಮೊದಲ ಸಲ ಉತ್ತರ ಬರಲಿಲ್ಲ. ಎರಡನೆಯ ಸಲ, "ತಮಾಷೆನಾ?" ಎಂದು ಬಂತು. ಐದನೆಯ ವಾರಕ್ಕೆ ರುಬೀನಾ, "ಶ್ರೀಲಂಕಾದವನಿಗೆ ನೆಗಡಿ. ಉಳಿದವರು ಕ್ಷೇಮ," ಎಂದು ಬರೆದಳು. ಮಾತು ಹಾಗೆ ಮತ್ತೆ ಶುರುವಾಯಿತು.

ದೀಪಶ್ರೀ ಇಂಥದ್ದನ್ನೆಲ್ಲ ನಂಬುತ್ತಿರಲಿಲ್ಲ. ಆದರೂ ಬಸ್ ಸ್ಟ್ಯಾಂಡಿನ ಎದುರು ರಸ್ತೆ ದಾಟುವಾಗ ಎರಡೆರಡು ಸಲ ನೋಡತೊಡಗಿದಳು. ಜುಲೈಯಲ್ಲಿ ಅವಳಿಗೆ ಜ್ವರ ಬಂದಾಗ ಕರಿಯಕ್ಕ ಮೂರು ಬಸ್ಸು ಬದಲಾಯಿಸಿ ಶೆಟ್ಟಿಕೊಪ್ಪಕ್ಕೆ ಬಂದಳು. ಎಂಟು ದಿನ ಹಾಸಿಗೆಯ ಪಕ್ಕ ಕೂತಿದ್ದಳು. ಜ್ವರ ಬಿಟ್ಟ ದಿನ, "ಇವಳಲ್ಲ," ಎಂದು ಯಾರಿಗೋ ಹೇಳುವ ಹಾಗೆ ಗಟ್ಟಿಯಾಗಿ ಹೇಳಿ ವಾಪಸ್ಸು ಹೋದಳು.

ನವೆಂಬರಿನಲ್ಲಿ ರುಬೀನಾ ಫೋನು ಮಾಡಿದಳು. ಮೆಸೇಜಲ್ಲ, ಫೋನು.

"ಹಿಲ್ಡಾ ಹೋಗ್ಬಿಟ್ರು ದೀಪೂ. ನಿದ್ದೆಯಲ್ಲೇ. ಎಂಬತ್ಮೂರು ವರ್ಷ." ಅವಳು ಅಳುತ್ತಿದ್ದಳು. "ವಯಸ್ಸಾಗಿತ್ತು. ಗೊತ್ತು ನಂಗೆ. ವಾರ ವಾರ ನೀನು ಕೇಳ್ತೀಯಲ್ಲ, ಅದಕ್ಕೆ ಹೇಳ್ದೆ. ಇಲ್ಲಿ ಅವರ ಪೈಕಿ ಯಾರೂ ಇಲ್ಲ. ನಾವೇ ಐದಾರು ಜನ ಹೋಗಿದ್ವಿ. ಇಪ್ಪತ್ತು ನಿಮಿಷದಲ್ಲಿ ಮುಗೀತು."

ದೀಪಶ್ರೀ ಮೂರು ದಿನ ಯಾರಿಗೂ ಹೇಳಲಿಲ್ಲ. ಹಾಡನ್ನು ಎರಡು ಸಲ ಕೇಳಿದ್ದು ಹಿಲ್ಡಾ ಒಬ್ಬರೇ ಎನ್ನುವುದು ಮಾತ್ರ ತಲೆಯಲ್ಲಿ ಸುತ್ತುತ್ತಿತ್ತು. ಅಜ್ಜಿಗೆ ಹೇಳುವುದು ಬೇಡ ಎಂದುಕೊಂಡಳು. ಮಂಗಳವಾರ ಫೋನು ಬಂತು.

"ನೀನು ಹುಷಾರಾ?"

"ಹ್ಞೂಂ."

"ಅಲ್ಲಿಯವರೆಲ್ಲ?"

ಹ್ಞೂಂ ಎಂದರೆ ಮುಗಿಯುತ್ತಿತ್ತು. ಅವಳ ಬಾಯಿಗೆ ಅತಿ ಸುಲಭವಾದ ಮಾತು ಅದು. ಬರಲಿಲ್ಲ.

"ಇಲ್ಲ ಅಜ್ಜಿ. ಒಬ್ಬರು ಹೋದ್ರು."

ಆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು. ಹತ್ತು ತಿಂಗಳಿನಿಂದ ಹಿಡಿದಿಟ್ಟ ಉಸಿರು. ಅದು ನೆಮ್ಮದಿಯ ಉಸಿರು ಎಂದು ಗೊತ್ತಾಗಿ ದೀಪಶ್ರೀಗೆ ಮೈ ಜುಮ್ಮೆಂದಿತು.

"ಎಂತ ಕೆಲಸ ಮಾಡ್ತಿದ್ಲು? ಎಲ್ಲೆಲ್ಲಿ ಕೂರ್ತಿದ್ಲು? ಕೇಳ್ಕೊಂಡು ಬಾ. ಇನ್ನು ತಡ ಮಾಡೋದಲ್ಲ."

ರುಬೀನಾ ಏನೂ ವಾದ ಮಾಡಲಿಲ್ಲ. ರೆಕಾರ್ಡ್ ಮಾಡಿಕೊಡು ಎಂದೂ ಕೇಳಲಿಲ್ಲ. ಒಂದು ವಾಯ್ಸ್ ಮೆಸೇಜು ಕಳಿಸಿದಳು. ಮೂವತ್ತೆರಡು ವರ್ಷ ಕಲಿಸಿದ ಶಾಲೆ. ಲೈಬ್ರರಿಯಲ್ಲಿ ಹೀಟರಿನ ಪಕ್ಕದ ಕುರ್ಚಿ. ತನಗೆ ಊಟ ಹಾಕಿದ ಅಡುಗೆಮನೆಯ ಮೇಜು. ಕೊನೆಗೆ ಹೆಸರನ್ನು ಮೂರು ಸಲ ನಿಧಾನವಾಗಿ ಹೇಳಿದ್ದಳು, ಅಜ್ಜಿಯ ಬಾಯಿಗೆ ಬರಲಿ ಎಂದು.

ದೀಪಶ್ರೀ ಕೆರೆಕಟ್ಟೆಗೆ ಹೋದಳು. ಬೆಳಗಿನ ಹೊತ್ತು ಅಜ್ಜಿ, ಮೊಮ್ಮಗಳು ಇಬ್ಬರೂ ಹಳ್ಳಕ್ಕೆ ಇಳಿದರು. ಫೋನನ್ನು ದೀಪಶ್ರೀ ಮನೆಯಲ್ಲೇ ಬಿಟ್ಟಿದ್ದಳು. ಹೊರುವ ಹೆಣವಿರಲಿಲ್ಲ, ದಾಟುವ ಗಂಡಸರಿರಲಿಲ್ಲ. ಕರಿಯಕ್ಕ ಪದ ಎತ್ತಿದಳು, ದೀಪಶ್ರೀ ಹಿಂದಿನಿಂದ ದನಿ ಕೂಡಿಸಿದಳು. ಶಾಲೆ ಬಾಗಿಲೇ ಬಿಟ್ಟುಕೊಡು, ಗಂಟೆ ಹೊಡೆದವಳ ಬಿಟ್ಟುಕೊಡು. ಬಿಸಿಯ ಕುರ್ಚಿಯೇ ಬಿಟ್ಟುಕೊಡು, ಒಬ್ಬಳೇ ಕೂತವಳ ಬಿಟ್ಟುಕೊಡು. ಅಡುಗೆ ಮೇಜೇ ಬಿಟ್ಟುಕೊಡು, ಪರದೇಸಿ ಕೂಸಿಗೆ ಬಡಿಸಿದವಳ ಬಿಟ್ಟುಕೊಡು.

ಕರಿಯಕ್ಕ ನಿಂತು ಇವಳ ಕಡೆ ನೋಡಿದಳು. "ಟೀಚರು ಅಲ್ವಾ? ಹಂಗಾದ್ರೆ ಸ್ಲೇಟೂ ಅವಳಿಗೇ ಕೊಟ್ಬಿಡು."

 ತನಗೆ ಬರಬೇಕಾದ್ದನ್ನು ಮುಖ ಕಾಣದ ಒಬ್ಬ ಮುದುಕಿಯ ತಲೆಗೆ ದಾಟಿಸುತ್ತಿದ್ದೇನೆ ಎಂದು ದೀಪಶ್ರೀಗೆ ಅನಿಸಿತು. ತನ್ನದು ಎನ್ನುವ ಒಂದೇ ಸಾಲನ್ನೂ ಕೊಡುತ್ತಿದ್ದೇನೆ ಎಂದೂ ಅನಿಸಿತು. ಯಾವುದಕ್ಕೆ ಅಳು ಬಂತು ಎಂದು ತಿಳಿಯಲಿಲ್ಲ. ಅಜ್ಜಿ ಕಾಯುತ್ತಿದ್ದಳು. ಹಾಡಿದಳು.

ಕೈಯ ಸ್ಲೇಟೇ ಬಿಟ್ಟುಕೊಡು, ಅರ್ಧ ಬರೆದವಳ ಬಿಟ್ಟುಕೊಡು.

"ಹಿಲ್ಡಮ್ಮಾ," ಎಂದು ಕರಿಯಕ್ಕ ಹಳ್ಳದ ಆಚೆ ದಡಕ್ಕೆ ಕೂಗಿದಳು. "ಬಿಟ್ಟೆವು."

"ಬಿಟ್ಟೆವು," ಎಂದಳು ದೀಪಶ್ರೀ.

ತಿರುಗಿ ಮೇಲೆ ಹತ್ತಿದರು. ಅಜ್ಜಿಯ ಹೆಜ್ಜೆ ಹಗುರಾಗಿತ್ತು. "ಎಂಬತ್ಮೂರಾ? ನನಗಿಂತ ಆರು ವರ್ಷ ದೊಡ್ಡವಳು. ಒಳ್ಳೆ ಜೀವ ಇರ್ಬೇಕು, ಕರೆದು ಊಟ ಹಾಕಿದ್ಲಲ್ಲ," ಎಂದು ಒಬ್ಬಳೇ ಮಾತಾಡಿಕೊಂಡಳು. ಅವತ್ತು ತಾನು ಪದ ಹೇಳದೇ ಇದ್ದಿದ್ದರೆ ಆ ಹೆಂಗಸು ಇರುತ್ತಿದ್ದಳಾ ಎಂದು ದೀಪಶ್ರೀ ಕೇಳಲಿಲ್ಲ. ಅಜ್ಜಿಗೆ ಉತ್ತರ ಗೊತ್ತಿರುತ್ತದೆ ಎಂದೇ ಕೇಳಲಿಲ್ಲ.

ಮನೆಗೆ ಬಂದು ಫೋನು ಹಿಡಿದು, ಸಿಗ್ನಲ್ಲಿಗಾಗಿ ಅಂಗಳದ ತುದಿಗೆ ಹೋದಳು. ರುಬೀನಾಳ ಮೆಸೇಜು ಇತ್ತು. "ಆಯ್ತಾ? ಈಗ ನಿನ್ನ ಹೆಸರು ಬರೀಬಹುದಾ? ಬರೀದೇ ಇದ್ರೆ ಆ ಅಧ್ಯಾಯ ಮುಗಿಯಲ್ಲ. ಬರೆದ್ರೂ ಪಾಸಾಗುತ್ತೋ ಗೊತ್ತಿಲ್ಲ."

ಅಂಗಳದ ತುದಿಯಿಂದ ಹಳ್ಳ ಕಾಣುತ್ತದೆ. ದೀಪಶ್ರೀ ಅದಕ್ಕೆ ಬೆನ್ನು ಮಾಡಿ ನಿಂತು ಟೈಪ್ ಮಾಡಿದಳು. ಈ ಸಲ ಬೆರಳಿನ ಜೊತೆ ಅವಳೂ ಓದಿಕೊಂಡಳು.

"ಕೆಳಗೆ ಹಿಲ್ಡಾ ಅವರ ಹೆಸರು ಬರಿ. ನಂದು ಮೇಲೆ ಬರಿ, ಹಾಡಿದವಳು ಅಂತ."

ಒಳಗಿನಿಂದ ಅಜ್ಜಿ ಕಾಫಿಗೆ ಕರೆಯುತ್ತಿದ್ದಳು. ದೀಪಶ್ರೀ ಕಳಿಸಿ ಆದ ಮೇಲೂ, ಕತ್ತು ಹಳ್ಳದ ಕಡೆ ತಿರುಗದ ಹಾಗೆ ಬಿಗಿ ಹಿಡಿದುಕೊಂಡು, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.